ಆನ್‌ಲೈನ್‌ನಲ್ಲಿ ಕೀಟಾಹಾರಿ ಗಿಡದ ಬೀಜ ತರಿಸುತ್ತೀರಾ? ಬಿತ್ತುವ ಮೊದಲು ಪೊಟ್ಟಣ ಬಿಚ್ಚಿ ಪರೀಕ್ಷಿಸಿ

ನೊಣ ಕೂತರೆ ಪಟ್ಟನೆ ಬಾಯಿ ಮುಚ್ಚುವ ವೀನಸ್ ಫ್ಲೈಟ್ರ್ಯಾಪ್, ಕೀಟವನ್ನು ಹೂಜಿಯೊಳಗೆ ಬೀಳಿಸಿ ಕರಗಿಸುವ ನೆಪೆಂಥಿಸ್, ಅಂಟು ಹನಿಗಳಿಂದ ಸಣ್ಣ ಹುಳುಗಳನ್ನು ಹಿಡಿಯುವ ಡ್ರಾಸೆರಾ. ಶಾಲೆಯ ವಿಜ್ಞಾನ ಪುಸ್ತಕದ ಚಿತ್ರಗಳಲ್ಲಿ ಮಾತ್ರ ನೋಡಿದ್ದ ಈ ಕೀಟಾಹಾರಿ ಗಿಡಗಳ ಬೀಜ ಈಗ ಮೊಬೈಲ್‌ನಲ್ಲಿ ಆರ್ಡರ್ ಮಾಡಿದರೆ ಮನೆ ಬಾಗಿಲಿಗೇ ಬರುತ್ತದೆ. ಮಕ್ಕಳಿರುವ ಮನೆಗಳಲ್ಲಿ, ಬಾಲ್ಕನಿಯಲ್ಲೇ ತೋಟ ಮಾಡುವ ಫ್ಲಾಟ್‌ಗಳಲ್ಲಿ ಇದಕ್ಕೆ ಬೇಡಿಕೆಯೂ ಇದೆ.

ಆದರೆ ಹೀಗೆ ಬಂದ ಪೊಟ್ಟಣಗಳಲ್ಲಿ ಕೆಲವು ಎಷ್ಟು ದಿನ ಕಾದರೂ ಮೊಳಕೆ ಒಡೆಯುವುದಿಲ್ಲ. ಇನ್ನು ಕೆಲವು ಮೊಳಕೆ ಒಡೆಯುತ್ತವೆ, ಆದರೆ ಬೆಳೆದು ನಿಲ್ಲುವುದು ಟೊಮೆಟೊ ಗಿಡ ಅಥವಾ ಯಾವುದೋ ಹುಲ್ಲು. ಬೀಜ ಕೊಳ್ಳುವಾಗ ಏನು ನೋಡಬೇಕು, ಬಂದ ಬೀಜ ಅಸಲಿಯೇ ಎಂದು ತಿಳಿಯುವುದು ಹೇಗೆ, ಬಿತ್ತುವ ಸರಿಯಾದ ಕ್ರಮ ಯಾವುದು? ಇಲ್ಲಿದೆ ಪೂರ್ಣ ಮಾಹಿತಿ.

ಮೋಸ ನಡೆಯುವುದು ದಿನಗಳ ಲೆಕ್ಕದಲ್ಲಿ

ಮೊಬೈಲ್ ಅಥವಾ ಬಟ್ಟೆ ಕೊಂಡರೆ ಅದು ಸರಿ ಇದೆಯೇ ಇಲ್ಲವೇ ಎಂಬುದು ಬಾಕ್ಸ್ ತೆರೆದ ಕೂಡಲೇ ಗೊತ್ತಾಗುತ್ತದೆ. ಬೀಜದ ವಿಚಾರ ಹಾಗಲ್ಲ. ಆನ್‌ಲೈನ್ ಮಳಿಗೆಗಳಲ್ಲಿ ವಸ್ತು ಹಿಂದಿರುಗಿಸಲು ಸಾಮಾನ್ಯವಾಗಿ ಕೆಲವೇ ದಿನಗಳ ಅವಕಾಶ ಇರುತ್ತದೆ. ಬೀಜಗಳಿಗಂತೂ ಹಲವು ಮಾರಾಟಗಾರರು ಆ ಅವಕಾಶವನ್ನೂ ಕೊಡುವುದಿಲ್ಲ. ಇತ್ತ ವೀನಸ್ ಫ್ಲೈಟ್ರ್ಯಾಪ್ ಬೀಜ ತಾಜಾ ಇದ್ದರೂ ಮೊಳಕೆಯೊಡೆಯಲು 2ರಿಂದ 5 ವಾರ ಬೇಕು. ಬಂದ ಸಸಿ ಯಾವುದು ಎಂದು ಗುರುತಿಸಲು ಇನ್ನೂ ಕೆಲವು ವಾರ ಹಿಡಿಯುತ್ತದೆ.

ಅಂದರೆ ಮೋಸ ಹೋಗಿದ್ದೇವೆ ಎಂದು ತಿಳಿಯುವ ಹೊತ್ತಿಗೆ ದೂರು ಕೊಡುವ ಗಡುವು ಮುಗಿದಿರುತ್ತದೆ. ಮೊಳಕೆ ಬರದಿದ್ದರೆ ನೀರು ಹೆಚ್ಚಾಯಿತೇನೋ, ಬಿಸಿಲು ಕಡಿಮೆಯಾಯಿತೇನೋ ಎಂದು ಕೊಂಡವರು ತಮ್ಮನ್ನೇ ದೂರಿಕೊಳ್ಳುತ್ತಾರೆ. ನಕಲಿ ಬೀಜ ಮಾರುವವರಿಗೆ ಅನುಕೂಲವಾಗಿರುವುದು ಇದೇ. ಆದ್ದರಿಂದ ಪರೀಕ್ಷೆ ನಡೆಯಬೇಕಾದದ್ದು ಕುಂಡದಲ್ಲಿ ಅಲ್ಲ, ಪಾರ್ಸೆಲ್ ಬಂದ ದಿನವೇ ಒಂದು ಬಿಳಿ ಹಾಳೆಯ ಮೇಲೆ.

ಅಸಲಿ ಬೀಜ ನೋಡಲು ಹೇಗಿರುತ್ತದೆ?

ಪೊಟ್ಟಣವನ್ನು ಬಿಳಿ ಹಾಳೆಯ ಮೇಲೆ ಬಿಡಿಸಿ, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ಮೊಬೈಲ್ ಕ್ಯಾಮೆರಾದಲ್ಲಿ ಜೂಮ್ ಮಾಡಿ ನೋಡಿ. ಕೀಟಾಹಾರಿ ಗಿಡಗಳ ಬೀಜಗಳಿಗೆ ಅವುಗಳದ್ದೇ ಗುರುತುಗಳಿವೆ.

ವೀನಸ್ ಫ್ಲೈಟ್ರ್ಯಾಪ್: ಕಪ್ಪು ಬಣ್ಣ, ಹೊಳಪು, ನೀರಿನ ಹನಿಯ ಆಕಾರ. ಉದ್ದ ಹೆಚ್ಚುಕಡಿಮೆ 1 ಮಿ.ಮೀ. ಸಾಸಿವೆ ಕಾಳಿಗಿಂತಲೂ ಚಿಕ್ಕದು.

ಡ್ರಾಸೆರಾ: ಬಹುತೇಕ ಜಾತಿಗಳ ಬೀಜ ಧೂಳಿನಷ್ಟು ಸಣ್ಣ. ಕಾಗದದ ಮಡಿಕೆಯಲ್ಲಿ ಕಾಳುಮೆಣಸಿನ ಪುಡಿ ಉದುರಿದಂತೆ ಕಾಣುತ್ತದೆ. ಉಸಿರು ಬಿಟ್ಟರೆ ಹಾರಿಹೋಗುವಷ್ಟು ಹಗುರ.

ಸರಸೀನಿಯಾ: ಅಮೆರಿಕದ ಈ ಹೂಜಿ ಗಿಡದ ಬೀಜ ತಿಳಿ ಕಂದು ಬಣ್ಣದ್ದು, ಸುಮಾರು 2 ಮಿ.ಮೀ. ಉದ್ದ. ಮೇಲೆ ಮೇಣದಂಥ ಪದರ ಇರುವುದರಿಂದ ನೀರು ಸುಲಭವಾಗಿ ಅಂಟುವುದಿಲ್ಲ.

ನೆಪೆಂಥಿಸ್: ಎರಡೂ ತುದಿ ಚೂಪಾದ, ನೂಲಿನ ಎಳೆಯಂಥ ತೆಳ್ಳನೆ ಬೀಜ. ನಡುವೆ ಮಾತ್ರ ಸಣ್ಣ ಉಬ್ಬು. ಗಾಳಿಯಲ್ಲಿ ತೇಲಿ ಹೋಗಲು ಪ್ರಕೃತಿ ಮಾಡಿಕೊಟ್ಟ ವ್ಯವಸ್ಥೆ ಇದು.

ಹಾಗಾಗಿ ಪೊಟ್ಟಣದಲ್ಲಿ ಚಪ್ಪಟೆ ಬಿಳಿ ಬೀಜ, ಸಾಸಿವೆಯಂಥ ದುಂಡನೆ ಕಾಳು ಅಥವಾ ಹುಲ್ಲಿನ ಬೀಜದಂಥದ್ದು ಕಂಡರೆ ಬಿತ್ತುವ ಶ್ರಮ ಬೇಡ. ಕೂಡಲೇ ಫೋಟೊ ತೆಗೆದು ದೂರು ಕೊಡಿ.

ಇನ್ನೊಂದು ಮಾತು. ಭತ್ತದ ಬೀಜವನ್ನು ಉಪ್ಪು ನೀರಿಗೆ ಹಾಕಿ ತೇಲಿದ್ದನ್ನು ತೆಗೆದುಹಾಕುವ ಪದ್ಧತಿ ರೈತರ ಮನೆಗಳಲ್ಲಿ ಬೆಳೆದವರಿಗೆ ಗೊತ್ತು. ಆ ಪರೀಕ್ಷೆ ಇಲ್ಲಿ ನಡೆಯದು. ಕೀಟಾಹಾರಿ ಗಿಡಗಳ ಒಳ್ಳೆಯ ಬೀಜವೂ ನೀರಿನ ಮೇಲೆ ತೇಲಬಹುದು.

ಆರ್ಡರ್ ಮಾಡುವ ಮುನ್ನವೇ ಸಿಗುವ ಸುಳಿವು

ಜಾಹೀರಾತಿನ ಚಿತ್ರವೇ ಅರ್ಧ ಸತ್ಯ ಹೇಳಿಬಿಡುತ್ತದೆ. ನೀಲಿ ಅಥವಾ ಕಾಮನಬಿಲ್ಲಿನ ಬಣ್ಣದ ವೀನಸ್ ಫ್ಲೈಟ್ರ್ಯಾಪ್ ಎಂಬುದು ಜಗತ್ತಿನಲ್ಲಿ ಇಲ್ಲ. ಈ ಗಿಡದ ಬಣ್ಣ ಹಸಿರು ಮತ್ತು ಕೆಂಪಿನ ನಡುವೆಯೇ ಇರುತ್ತದೆ. ಕಂಪ್ಯೂಟರ್‌ನಲ್ಲಿ ಬಣ್ಣ ಬದಲಿಸಿದ ಚಿತ್ರ ಹಾಕಿದವರು ಪೊಟ್ಟಣದಲ್ಲೂ ಅಸಲಿ ಮಾಲು ಕಳುಹಿಸುವ ಸಾಧ್ಯತೆ ಕಡಿಮೆ.

ಎರಡನೆಯದು ಹೆಸರು. 'ಕೀಟ ತಿನ್ನುವ ಗಿಡದ ಬೀಜ, ಮಿಶ್ರ ಬಣ್ಣ' ಎಂದಷ್ಟೇ ಬರೆದಿದ್ದರೆ ದೂರವಿರಿ. ಗಂಭೀರವಾಗಿ ಬೆಳೆಸುವವರು ಡಯೋನಿಯಾ ಮಸ್ಸಿಪ್ಯುಲಾ, ಡ್ರಾಸೆರಾ ಬರ್ಮಾನಿ ಎಂದು ಸಸ್ಯಶಾಸ್ತ್ರೀಯ ಹೆಸರನ್ನೇ ಹಾಕುತ್ತಾರೆ.

ಮೂರನೆಯದು ಕೊಯ್ಲಿನ ತಿಂಗಳು. ಬೀಜ ಯಾವಾಗ ಕೊಯ್ದದ್ದು, ಎಲ್ಲಿ ಇಟ್ಟದ್ದು ಎಂದು ಮಾರಾಟಗಾರರನ್ನು ಕೇಳಿ. ಫ್ಲೈಟ್ರ್ಯಾಪ್ ಮತ್ತು ಡ್ರಾಸೆರಾ ಬೀಜವನ್ನು ಒಣಗಿಸಿ ಫ್ರಿಜ್‌ನಲ್ಲಿ ಇಟ್ಟರೆ ವರ್ಷಕ್ಕೂ ಹೆಚ್ಚು ಕಾಲ ಉಳಿಯುತ್ತದೆ. ಅದೇ ಬೀಜ ಗೋದಾಮಿನ ಸೆಕೆಯಲ್ಲಿ ಬಿದ್ದಿದ್ದರೆ ಬೇಗ ಕೆಡುತ್ತದೆ. ನೆಪೆಂಥಿಸ್ ಬೀಜದ ಆಯಸ್ಸಂತೂ ಕೆಲವೇ ತಿಂಗಳು. ಈ ಪ್ರಶ್ನೆಗೆ ಉತ್ತರ ಬರದಿದ್ದರೆ ಅದೇ ಉತ್ತರ.

ವಿದೇಶದಿಂದ ತರಿಸಬಹುದೇ?

ವಿದೇಶಿ ವೆಬ್‌ಸೈಟ್‌ಗಳಲ್ಲಿ ಹತ್ತಾರು ಜಾತಿಯ ಬೀಜ ಕಾಣುತ್ತದೆ. ಆದರೆ ಅಂಚೆ ಅಥವಾ ಕೊರಿಯರ್ ಮೂಲಕ ಬೀಜ ತರಿಸುವುದಕ್ಕೆ ಭಾರತದಲ್ಲಿ ಕಟ್ಟುನಿಟ್ಟಿನ ನಿಯಮ ಇದೆ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಬೀಜ ಆಮದಿಗೆ ಮೊದಲೇ ಪರವಾನಗಿ ಪಡೆಯಬೇಕು. ಜೊತೆಗೆ ಕಳುಹಿಸುವ ದೇಶದ ಅಧಿಕಾರಿಗಳು ನೀಡಿದ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಇರಬೇಕು. ಇವಿಲ್ಲದೆ ಬಂದ ಪೊಟ್ಟಣವನ್ನು ಅಧಿಕಾರಿಗಳು ತಡೆದು ನಾಶಪಡಿಸಬಹುದು. ಪ್ರಮಾಣಪತ್ರ ಇಲ್ಲದೆಯೇ ಕಳುಹಿಸುತ್ತೇವೆ ಎನ್ನುವ ಮಾರಾಟಗಾರರು ಕಾನೂನಿನ ಅಪಾಯವನ್ನು ಕೊಳ್ಳುವವರ ತಲೆಗೆ ಕಟ್ಟುತ್ತಿದ್ದಾರೆ ಎಂದೇ ಅರ್ಥ.

ಇದು ಬರೀ ಕಾಗದಪತ್ರದ ಕಿರಿಕಿರಿಯಲ್ಲ. 2020ರಲ್ಲಿ ಅಮೆರಿಕ ಸೇರಿ ಹಲವು ದೇಶಗಳ ಜನರಿಗೆ ಆರ್ಡರ್ ಮಾಡದೆಯೇ ಬೀಜದ ಪೊಟ್ಟಣಗಳು ಅಂಚೆಯಲ್ಲಿ ಬಂದಿದ್ದವು. ಆ ವರ್ಷದ ಆಗಸ್ಟ್‌ನಲ್ಲಿ ಭಾರತದ ಕೃಷಿ ಸಚಿವಾಲಯವೂ ಅಂಥ ಪಾರ್ಸೆಲ್‌ಗಳ ಬಗ್ಗೆ ಎಚ್ಚರದಿಂದಿರುವಂತೆ ರಾಜ್ಯಗಳಿಗೆ ಸೂಚಿಸಿತ್ತು. ಯಾವುದೆಂದು ಗೊತ್ತಿಲ್ಲದ ಬೀಜದ ಜೊತೆ ಹೊಸ ಕಳೆ, ಹೊಸ ರೋಗ ದೇಶದೊಳಗೆ ಬರಬಹುದು ಎಂಬುದೇ ಆತಂಕ. ಪಾರ್ಥೇನಿಯಂ ಕಳೆ ಹೊಲ, ರಸ್ತೆಬದಿ ಎನ್ನದೆ ಹಬ್ಬಿದ್ದನ್ನು ಕಂಡ ಕನ್ನಡಿಗರಿಗೆ ಈ ಆತಂಕವನ್ನು ಬಿಡಿಸಿ ಹೇಳಬೇಕಿಲ್ಲ.

ಹವ್ಯಾಸಿಗಳಿಗೆ ಸುಲಭದ ದಾರಿ ಎಂದರೆ ದೇಶದೊಳಗೇ ತಮ್ಮ ಗಿಡದಿಂದ ಬೀಜ ಕೊಯ್ದು ಮಾರುವವರಿಂದ ಅಥವಾ ಹಂಚುವವರಿಂದ ಪಡೆಯುವುದು. ಡ್ರಾಸೆರಾದ ಹಲವು ಜಾತಿಗಳು ತಾವೇ ಪರಾಗಸ್ಪರ್ಶ ಮಾಡಿಕೊಂಡು ಧಾರಾಳವಾಗಿ ಬೀಜ ಬಿಡುತ್ತವೆ. ಹೀಗಾಗಿ ತಾಜಾ ಬೀಜ ಸಿಗುವುದು ಕಷ್ಟವಲ್ಲ.

ನಿಮ್ಮ ಊರಿಗೆ ಯಾವ ಗಿಡ?

ಎಲ್ಲರ ಕಣ್ಣು ಮೊದಲು ಬೀಳುವುದು ವೀನಸ್ ಫ್ಲೈಟ್ರ್ಯಾಪ್ ಮೇಲೆ. ಆದರೆ ಅದರ ತವರು ಅಮೆರಿಕದ ಉತ್ತರ ಮತ್ತು ದಕ್ಷಿಣ ಕೆರೊಲಿನಾ ರಾಜ್ಯಗಳ ಕರಾವಳಿ ಬಯಲಿನ ಒಂದು ಚಿಕ್ಕ ಪ್ರದೇಶ. ಅಲ್ಲಿ ಬೇಸಿಗೆ ಬಿಸಿ, ಚಳಿಗಾಲ ನಿಜವಾದ ಚಳಿ. ಗಿಡ ಪ್ರತಿ ವರ್ಷ 3ರಿಂದ 4 ತಿಂಗಳು ತಣ್ಣಗಿನ ಹವೆಯಲ್ಲಿ ವಿಶ್ರಾಂತಿ ಪಡೆಯುತ್ತದೆ. ಆ ವಿಶ್ರಾಂತಿ ಸಿಗದಿದ್ದರೆ ವರ್ಷದಿಂದ ವರ್ಷಕ್ಕೆ ಸೊರಗುತ್ತದೆ.

ದೆಹಲಿಯಲ್ಲಿರುವವರಿಗೆ ಡಿಸೆಂಬರ್, ಜನವರಿಯ ಚಳಿ ಈ ಕೆಲಸ ಮಾಡಿಕೊಡುತ್ತದೆ. ಅವರ ಸಮಸ್ಯೆ ಮೇ ತಿಂಗಳ ಬಿಸಿಗಾಳಿ. ಪುಣೆಯ ಚಳಿಗಾಲದ ರಾತ್ರಿಗಳು ಸ್ವಲ್ಪ ನೆರವಾಗುತ್ತವೆ. ಚೆನ್ನೈ, ಮುಂಬೈನಂಥ ಕರಾವಳಿ ನಗರಗಳಲ್ಲಿ ಮಾತ್ರ ಫ್ಲೈಟ್ರ್ಯಾಪ್ ದೀರ್ಘಕಾಲ ಉಳಿಯುವುದು ಕಷ್ಟ. ಬೀಜದಿಂದ ಬೆಳೆದ ಫ್ಲೈಟ್ರ್ಯಾಪ್ ಪೂರ್ಣ ಗಾತ್ರಕ್ಕೆ ಬರಲು 3ರಿಂದ 5 ವರ್ಷ ಬೇಕು ಎಂಬುದೂ ನೆನಪಿರಲಿ. ಮುಂದಿನ ತಿಂಗಳ ಹುಟ್ಟುಹಬ್ಬಕ್ಕೆ ಮಗುವಿಗೆ ನೊಣ ಹಿಡಿಯುವ ಗಿಡ ತೋರಿಸಬೇಕಿದ್ದರೆ ಬೀಜ ಕೊಳ್ಳಬೇಡಿ, ಪ್ರಯೋಗಾಲಯದಲ್ಲಿ ಅಂಗಾಂಶ ಕೃಷಿಯಿಂದ ಬೆಳೆಸಿದ ಸಸಿಯನ್ನೇ ಕೊಳ್ಳಿ.

ಸೆಕೆಯ ಊರಿನವರು ಬೀಜದಿಂದಲೇ ಶುರು ಮಾಡಬೇಕೆಂದಿದ್ದರೆ ಡ್ರಾಸೆರಾ ಬರ್ಮಾನಿ ಒಳ್ಳೆಯ ಆಯ್ಕೆ. ಇದು ಭಾರತದ್ದೇ ಗಿಡ. ಚಳಿಯ ವಿಶ್ರಾಂತಿ ಬೇಕಿಲ್ಲ. ಒಂದು ರೂಪಾಯಿ ನಾಣ್ಯದಷ್ಟು ಅಗಲದ ಈ ಗಿಡದ ಅಂಚಿನ ಕೂದಲುಗಳು ಕೀಟ ತಾಗಿದ ಕೆಲವೇ ಸೆಕೆಂಡುಗಳಲ್ಲಿ ಒಳಕ್ಕೆ ಬಾಗುತ್ತವೆ. ಕೆಲವೇ ತಿಂಗಳಲ್ಲಿ ಹೂಬಿಟ್ಟು ಬೀಜ ಉದುರಿಸಿ, ಮುಂದಿನ ಪೀಳಿಗೆಯನ್ನು ತಾನೇ ಬಿತ್ತುತ್ತದೆ. ದಕ್ಷಿಣ ಆಫ್ರಿಕಾ ಮೂಲದ ಡ್ರಾಸೆರಾ ಕೇಪೆನ್ಸಿಸ್ ಕೂಡ ಸುಲಭ, ಆದರೆ ವಿಪರೀತ ಸೆಕೆ ಅದಕ್ಕೆ ಹಿಡಿಸದು.

ಗೊಬ್ಬರ ಹಾಕಿದರೆ ಸಾಯುತ್ತದೆ, ನಲ್ಲಿ ನೀರೂ ವಿಷವಾಗಬಹುದು

ಈ ಗಿಡಗಳು ಕೀಟ ತಿನ್ನುವುದು ಹಸಿವಿಗಲ್ಲ. ಇವು ಹುಟ್ಟಿದ್ದು ಸಾರಜನಕವೇ ಇಲ್ಲದಂಥ ಬಡ ಜೌಗು ನೆಲದಲ್ಲಿ. ಅಲ್ಲಿ ಸಿಗದ ಪೋಷಕಾಂಶವನ್ನು ಕೀಟದಿಂದ ಪಡೆಯುತ್ತವೆ, ಶಕ್ತಿಗೆ ಉಳಿದ ಗಿಡಗಳಂತೆ ಬಿಸಿಲನ್ನೇ ನಂಬಿವೆ. ಬಡ ನೆಲಕ್ಕೆ ಒಗ್ಗಿದ ಬೇರು ಹೆಚ್ಚು ಲವಣವನ್ನು ತಾಳುವುದಿಲ್ಲ. ಇದೊಂದು ತಿಳಿದರೆ ಉಳಿದೆಲ್ಲ ನಿಯಮಗಳ ಕಾರಣ ಅರ್ಥವಾಗುತ್ತದೆ.

ಆದ್ದರಿಂದ ತೋಟದ ಕೆಂಪು ಮಣ್ಣು, ಸಗಣಿ ಗೊಬ್ಬರ, ಎರೆಹುಳು ಗೊಬ್ಬರ, ಪಾಟಿಂಗ್ ಮಿಕ್ಸ್ ಯಾವುದೂ ಬೇಡ. ಗೊಬ್ಬರ ಸೇರಿಸದ ಪೀಟ್ ಮಾಸ್ ಮತ್ತು ಪರ್ಲೈಟ್ ಸಮಪಾಲು ಬೆರೆಸಿದರೆ ಸಾಕು. ಪೀಟ್ ಸಿಗದಿದ್ದರೆ ಒಣ ಸ್ಫ್ಯಾಗ್ನಮ್ ಪಾಚಿಯನ್ನು ಸಣ್ಣಗೆ ಕತ್ತರಿಸಿ ಬಳಸಬಹುದು. ಅಗ್ಗಕ್ಕೆ ಸಿಗುವ ಕೋಕೋಪೀಟ್‌ನಲ್ಲಿ ಉಪ್ಪಿನಂಶ ಇರುವುದು ಸಾಮಾನ್ಯ. ಅನಿವಾರ್ಯವಾದರೆ ಶುದ್ಧ ನೀರಿನಲ್ಲಿ ಹಲವು ಬಾರಿ ನೆನೆಸಿ ತೊಳೆದ ನಂತರವೇ ಬಳಸಿ.

ನೀರಿನ ವಿಚಾರದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ನೀರಿನಲ್ಲಿ ಕರಗಿದ ಲವಣವನ್ನು ಟಿಡಿಎಸ್ ಎಂಬ ಲೆಕ್ಕದಲ್ಲಿ ಅಳೆಯುತ್ತಾರೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೊ ನಿಗದಿಪಡಿಸಿದ ಮಿತಿ ಲೀಟರಿಗೆ 500 ಮಿಲಿಗ್ರಾಂ. ಕೀಟಾಹಾರಿ ಗಿಡಗಳಿಗೆ ಅದು 50ರ ಒಳಗಿದ್ದರೆ ಕ್ಷೇಮ. ಮನುಷ್ಯರಿಗೆ ಒಳ್ಳೆಯ ನೀರು ಈ ಗಿಡಕ್ಕೆ ಒಳ್ಳೆಯದಾಗಿರಬೇಕಿಲ್ಲ ಎಂದಾಯಿತು.

ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು ಬಳಸುವ ಹೈದರಾಬಾದ್, ಚೆನ್ನೈ, ದೆಹಲಿಯ ಬಡಾವಣೆಗಳಲ್ಲಿ ನಲ್ಲಿ ನೀರನ್ನು ನೇರವಾಗಿ ಹಾಕಲೇಬೇಡಿ. ಮುಂಬೈಗೆ ಬರುವುದು ಜಲಾಶಯಗಳ ಮೃದು ನೀರು, ಆದರೂ ಅಳೆದು ನೋಡುವುದು ಒಳ್ಳೆಯದು. ಟಿಡಿಎಸ್ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಮನೆಯ ಆರ್‌ಒ ಯಂತ್ರದ ನೀರನ್ನೂ ಅಳೆಯಿರಿ. ರುಚಿಗಾಗಿ ಸ್ವಲ್ಪ ಲವಣ ಉಳಿಸುವ ವ್ಯವಸ್ಥೆ ಅನೇಕ ಯಂತ್ರಗಳಲ್ಲಿ ಇರುತ್ತದೆ. ಎಲ್ಲಕ್ಕಿಂತ ಉತ್ತಮ ಮಳೆ ನೀರು. ಮಳೆಗಾಲದಲ್ಲಿ ಒಂದೆರಡು ಕ್ಯಾನ್ ಹಿಡಿದಿಟ್ಟುಕೊಂಡರೆ ಒಂದು ಪುಟ್ಟ ಕುಂಡಕ್ಕೆ ಬಹಳ ದಿನ ಬರುತ್ತದೆ. ಮಹಡಿಯಲ್ಲಿ ಮೊದಲ ಮಳೆಯ ನೀರು ಧೂಳು ತೊಳೆದು ಬರುವುದರಿಂದ ಅದನ್ನು ಬಿಟ್ಟು ನಂತರದ್ದನ್ನು ಹಿಡಿಯಿರಿ.

ಬಿತ್ತುವ ಕ್ರಮ ಹೀಗಿರಲಿ

1. ತಳದಲ್ಲಿ ತೂತಿರುವ ಪ್ಲಾಸ್ಟಿಕ್ ಕುಂಡ ಅಥವಾ ಲೋಟ ಆರಿಸಿಕೊಳ್ಳಿ. ಮಣ್ಣಿನ ಮತ್ತು ಸಿಮೆಂಟ್ ಕುಂಡ ಲವಣ ಬಿಡುವುದರಿಂದ ಬೇಡ.

2. ಪೀಟ್ ಮಿಶ್ರಣವನ್ನು ಶುದ್ಧ ನೀರಿನಲ್ಲಿ ಚೆನ್ನಾಗಿ ನೆನೆಸಿ ತುಂಬಿಸಿ. ಒಣ ಪೀಟ್ ಬೇಗ ನೀರು ಹೀರುವುದಿಲ್ಲ, ಹಿಂದಿನ ದಿನವೇ ನೆನೆಸಿಡಿ.

3. ಬೀಜವನ್ನು ಮಡಿಸಿದ ಕಾಗದದಿಂದ ಮೆಲ್ಲಗೆ ತಟ್ಟಿ ಮೇಲ್ಮೈ ಮೇಲೆ ಉದುರಿಸಿ. ಮೇಲೆ ಮಣ್ಣು ಮುಚ್ಚಬೇಡಿ. ಇಷ್ಟು ಸಣ್ಣ ಬೀಜಕ್ಕೆ ಬೆಳಕು ಬೇಕು. ಫ್ಯಾನ್ ಆರಿಸಿ ಈ ಕೆಲಸ ಮಾಡಿ.

4. ಕುಂಡವನ್ನು ತಟ್ಟೆಯಲ್ಲಿಟ್ಟು, ತಟ್ಟೆಗೆ 1 ಸೆಂ.ಮೀ.ನಷ್ಟು ನೀರು ಹಾಕಿ. ನೀರು ಕೆಳಗಿನಿಂದಲೇ ಏರಲಿ. ಮೇಲಿನಿಂದ ಸುರಿದರೆ ಬೀಜ ಕೊಚ್ಚಿಹೋಗುತ್ತದೆ.

5. ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಕವರ್ ಹಾಕಿ, ಒಂದೆರಡು ಸಣ್ಣ ತೂತು ಬಿಡಿ. ಬೆಳಕು ಚೆನ್ನಾಗಿರುವ, ನೇರ ಬಿಸಿಲು ಬೀಳದ ಕಿಟಕಿಯಲ್ಲಿ ಇಡಿ. ಕವರ್ ಹಾಕಿದ ಕುಂಡ ಮಧ್ಯಾಹ್ನದ ಬಿಸಿಲಿಗೆ ಸಿಕ್ಕರೆ ಬೀಜ ಬೆಂದುಹೋಗುತ್ತದೆ.

6. ಕುಂಡದ ಮೇಲೆ ಬಿತ್ತಿದ ದಿನಾಂಕ ಬರೆಯಿರಿ. ಫ್ಲೈಟ್ರ್ಯಾಪ್‌ಗೆ 21ರಿಂದ 29 ಡಿಗ್ರಿ ಸೆಲ್ಸಿಯಸ್ ಹಿತ. ಡ್ರಾಸೆರಾ ಸಾಮಾನ್ಯವಾಗಿ 2ರಿಂದ 4 ವಾರದಲ್ಲಿ, ನೆಪೆಂಥಿಸ್ 1ರಿಂದ 3 ತಿಂಗಳಲ್ಲಿ ಮೊಳೆಯುತ್ತದೆ.

ಸರಸೀನಿಯಾ ಬೀಜಕ್ಕೆ ಮಾತ್ರ ಒಂದು ಹಂತ ಹೆಚ್ಚು. ಚಳಿಗಾಲ ಕಳೆಯಿತು ಎಂದು ತಿಳಿಯದೆ ಅದು ಮೊಳೆಯುವುದಿಲ್ಲ. ಒದ್ದೆ ಪಾಚಿಯ ಜೊತೆ ಜಿಪ್ ಕವರ್‌ನಲ್ಲಿ ಹಾಕಿ 4ರಿಂದ 6 ವಾರ ಫ್ರಿಜ್‌ನಲ್ಲಿಟ್ಟು ನಂತರ ಬಿತ್ತಬೇಕು. ಫ್ರೀಜರ್‌ನಲ್ಲಿ ಇಡಬಾರದು.

ಬೂಷ್ಟು ಕಂಡರೆ ಕವರ್ ತೆಗೆದು ಗಾಳಿಯಾಡಲು ಬಿಡಿ. ಎರಡು ತಿಂಗಳಾದರೂ ಏನೂ ಕಾಣದಿದ್ದರೆ ಕುಂಡ ಎಸೆಯುವ ಅವಸರ ಬೇಡ. ಹಳೆಯ ಬೀಜ ತಡವಾಗಿ ಏಳುವುದುಂಟು.

ಮೊದಲ ಎಲೆಯೇ ಎರಡನೇ ಪರೀಕ್ಷೆ

ಮೊಳಕೆ ಬಂದ ಮೇಲೆ ಅದು ಅಸಲಿಯೇ ಎಂದು ತಿಳಿಯಲು ವರ್ಷಗಟ್ಟಲೆ ಕಾಯಬೇಕಿಲ್ಲ. ಬೀಜದೆಲೆಗಳ ನಂತರ ಬರುವ ಮೊದಲ ಎಲೆಯೇ ಗುರುತು ಹೇಳುತ್ತದೆ. ಫ್ಲೈಟ್ರ್ಯಾಪ್‌ನ ಮೊದಲ ನಿಜ ಎಲೆಯ ತುದಿಯಲ್ಲೇ ಪುಟಾಣಿ ಬಾಯಿ ಇರುತ್ತದೆ. ಡ್ರಾಸೆರಾದ ಎಲೆಯಲ್ಲಿ ಅಂಟು ಹನಿ ಹೊತ್ತ ಕೂದಲು, ಸರಸೀನಿಯಾದಲ್ಲಿ ಸಣ್ಣ ಕೊಳವೆ ಕಾಣುತ್ತದೆ. ಮೂರು, ನಾಲ್ಕು ಎಲೆ ಬಂದರೂ ಎಲ್ಲವೂ ಸಾದಾ ಎಲೆಗಳೇ ಆಗಿದ್ದರೆ ಅದು ಬೇರೆ ಯಾವುದೋ ಗಿಡ. ಯಾವುದೆಂದು ಗೊತ್ತಾಗದ ಸಸಿಯನ್ನು ಪಾರ್ಕಿನಲ್ಲಿ, ಕೆರೆ ದಂಡೆಯಲ್ಲಿ ನೆಡಬೇಡಿ. ಕಿತ್ತು, ಒಣಗಿಸಿ, ಮುಚ್ಚಿದ ಕವರ್‌ನಲ್ಲಿ ಕಸಕ್ಕೆ ಹಾಕಿ.

ಸಸಿಗಳಿಗೆ ಮಾಂಸದ ಚೂರು, ಅನ್ನ, ಹಾಲು ಹಾಕುವ ಪ್ರಯೋಗವೂ ಬೇಡ. ಕೊಳೆತು ಗಿಡವೇ ಸಾಯುತ್ತದೆ. ಬೆಳಕು ಮತ್ತು ಶುದ್ಧ ನೀರು ಸಿಕ್ಕರೆ ಉಳಿದದ್ದನ್ನು ಅದೇ ಹಿಡಿದುಕೊಳ್ಳುತ್ತದೆ.

ನಕಲಿ ಬೀಜ ಬಂದರೆ ಏನು ಮಾಡಬೇಕು?

ಪಾರ್ಸೆಲ್ ತೆರೆಯುವಾಗ ವಿಳಾಸದ ಚೀಟಿಯಿಂದ ಬೀಜದವರೆಗೆ ನಿಲ್ಲಿಸದೆ ವಿಡಿಯೊ ಮಾಡಿಕೊಳ್ಳಿ. ಸ್ಕೇಲ್ ಪಕ್ಕದಲ್ಲಿಟ್ಟ ಫೋಟೊ, ಜಾಹೀರಾತಿನ ಸ್ಕ್ರೀನ್‌ಶಾಟ್, ಬಿಲ್ ಜೊತೆಗಿರಲಿ. ಎಲ್ಲ ಬೀಜವನ್ನೂ ಬಿತ್ತದೆ ಸ್ವಲ್ಪ ಉಳಿಸಿಕೊಳ್ಳಿ, ಅದೇ ಸಾಕ್ಷಿ.

2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನ್ ಮಳಿಗೆಗಳು ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕು. ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಅಲ್ಲಿ ಕೆಲಸವಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಹೋದದ್ದು ಸಣ್ಣ ಮೊತ್ತ ಎಂದು ಸುಮ್ಮನಾಗುವವರೇ ಹೆಚ್ಚು. ಅದೇ ಪೊಟ್ಟಣ ಮತ್ತೊಬ್ಬರ ಮನೆಗೆ ಹೋಗುವುದೂ ಅದರಿಂದಲೇ.

ಕಾಡಿನಿಂದ ಕಿತ್ತು ತರುವುದು ಬೇಡ

ಬೀಜ ಕೈಕೊಟ್ಟಿತು ಎಂದು ಕಾಡಿನ ಗಿಡಕ್ಕೆ ಕೈಹಾಕುವುದು ಇನ್ನೂ ದೊಡ್ಡ ತಪ್ಪು. ಭಾರತದ ಹೂಜಿ ಗಿಡ ನೆಪೆಂಥಿಸ್ ಖಾಸಿಯಾನಾ ಮೇಘಾಲಯದ ಬೆಟ್ಟಗಳಿಗೆ ಸೀಮಿತವಾದ ಅಪರೂಪದ ಸಸ್ಯ. ಗಾರೋ ಜನ ಅದನ್ನು ಮೆಮಾಂಗ್ ಕೊಕ್ಸಿ, ಅಂದರೆ ದೆವ್ವದ ಬುಟ್ಟಿ ಎನ್ನುತ್ತಾರೆ. ಅದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಿತ ಸಸ್ಯಗಳ ಪಟ್ಟಿಯಲ್ಲಿದೆ. ಕಾಡಿನಿಂದ ಕೀಳುವುದು, ಪರವಾನಗಿ ಇಲ್ಲದೆ ಮಾರುವುದು ಅಪರಾಧ. ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟ್ಸ್ ಒಪ್ಪಂದದಲ್ಲೂ ಅದಕ್ಕೆ ಅತ್ಯಂತ ಬಿಗಿಯಾದ ಮೊದಲ ಪಟ್ಟಿಯ ರಕ್ಷಣೆ ಇದೆ. ಫ್ಲೈಟ್ರ್ಯಾಪ್‌ನ ತವರಾದ ಉತ್ತರ ಕೆರೊಲಿನಾದಲ್ಲೂ ಕಾಡಿನ ಗಿಡ ಕದಿಯುವುದನ್ನು 2014ರಿಂದ ಗಂಭೀರ ಅಪರಾಧವಾಗಿ ಪರಿಗಣಿಸಲಾಗುತ್ತಿದೆ.

ನಮ್ಮ ಪಶ್ಚಿಮ ಘಟ್ಟದ ಜಂಬಿಟ್ಟಿಗೆ ಕಲ್ಲಿನ ಬಯಲುಗಳಲ್ಲೂ ಮಳೆಗಾಲದಲ್ಲಿ ಡ್ರಾಸೆರಾ, ಯುಟ್ರಿಕ್ಯುಲೇರಿಯಾಗಳು ಅರಳುತ್ತವೆ. ಪುಣೆ, ಮುಂಬೈನಲ್ಲಿರುವವರು ಸತಾರಾ ಬಳಿಯ ಕಾಸ್ ಪ್ರಸ್ಥಭೂಮಿಯಲ್ಲಿ ಅವುಗಳನ್ನು ಕಣ್ಣಾರೆ ನೋಡಬಹುದು. ನೋಡಿ, ಫೋಟೊ ತೆಗೆದು ಬರುವುದಷ್ಟೇ ಸರಿ. ಆ ತೆಳು ಮಣ್ಣಿನಿಂದ ಕಿತ್ತ ಗಿಡ ಫ್ಲಾಟಿನ ಕುಂಡದಲ್ಲಿ ಬದುಕುವುದು ಕಷ್ಟ.

ಹೀಗಾಗಿ ಮನೆಯಲ್ಲಿ ಬೆಳೆಸಬೇಕೆಂದರೆ ಬೀಜದ ದಾರಿಯೇ ಒಳ್ಳೆಯದು. ಆ ದಾರಿಯಲ್ಲಿ ಬೇಕಾದದ್ದು ಬಿಳಿ ಹಾಳೆ, ಸ್ಕೇಲ್, ಮಳೆ ನೀರು ಮತ್ತು ಕಾಯುವ ತಾಳ್ಮೆ. ಮೊದಲ ಬಾರಿ ಪ್ರಯತ್ನಿಸುವವರು ಒಂದೇ ಜಾತಿಯ, ಕೊಯ್ಲಿನ ತಿಂಗಳು ಗೊತ್ತಿರುವ ಒಂದು ಸಣ್ಣ ಪೊಟ್ಟಣದಿಂದ ಶುರು ಮಾಡಿದರೆ ಸಾಕು.